ಅವರು ಬರೆದಿಟ್ಟು ಹೋದ ಚೀಟಿ

ಬೀದಿಯ ಉಳಿತಾಯ ಸಂಘದ ದುಡ್ಡು ಎಣಿಸುವುದೆಂದರೆ ದರ್ಜಿ ಅಕ್ಕನಿಗೆ ಈಗ ಎದೆ ಭಾರ. ಮೊದಲಾದರೆ ಗಂಡ ಎದುರಿಗೆ ಕೂರುತ್ತಿದ್ದ. ಇವಳು ಎಣಿಸಿ ಕೊಟ್ಟರೆ ಅವನು ಕಟ್ಟು ಮಾಡಿ, ಮೇಲೊಂದು ಚೀಟಿ ಸುತ್ತಿ, ಎಷ್ಟು ನೋಟು ಅಂತ ಬರೆದು ಸಹಿ ಹಾಕುತ್ತಿದ್ದ. ಈಗ ಆ ಮನೆಯಲ್ಲಿ ಸದ್ದು ಮಾಡುವುದು ಹೊಲಿಗೆ ಮಷಿನ್ ಒಂದೇ.

ಅವತ್ತು ಬ್ಯಾಂಕಿನಲ್ಲಿ ಕ್ಯಾಷಿಯರಮ್ಮ ಕಟ್ಟು ವಾಪಸ್ ತಳ್ಳಿದರು.

"ಅಕ್ಕಾ, ಚೀಟಿ ಮೇಲೆ ನೂರು ನೋಟು ಅಂತಿದೆ. ಒಳಗಿರೋದು ತೊಂಬತ್ತಾರು!"

ಜೊತೆಗೆ ಬಂದಿದ್ದ, ಅದೇ ಸಂಘದ ತರಕಾರಿಯವಳ ಮುಖ ಸಣ್ಣದಾಯಿತು. "ಸಂಘದ ದುಡ್ಡು ಅಕ್ಕಾ. ಇನ್ನು ನಾಲ್ಕು ಎಲ್ಲಿ?"

ಅಯ್ಯೋ, ಇಷ್ಟು ವರ್ಷ ಒಂದು ಪೈಸೆ ಮುಟ್ಟದ ಕೈ! ಅಕ್ಕ ಅವಳ ಕಡೆ ತಿರುಗಿದಳು. "ಬಂದಿದ್ದೇ ಅಷ್ಟು ಕಣೇ. ಚೀಟಿ ನಮ್ಮನೆಯವರದು. ಹಾಸಿಗೆ ಹಿಡಿದಾಗ, ನಿಂಗೆ ಕಷ್ಟ ಆಗ್ಬಾರದು ಅಂತ, ನೂರು ನೋಟು ಅನ್ನೋ ಚೀಟಿನೇ ಸಹಿ ಸಮೇತ ಒಂದು ಡಬ್ಬಿ ತುಂಬ ಬರೆದಿಟ್ಟು ಹೋದರು."

ಕ್ಯಾಷಿಯರಮ್ಮ ಚಲನ್ ನೋಡಿದರು, ಸಂಘದ ಪುಸ್ತಕ ನೋಡಿದರು. ಎರಡರಲ್ಲೂ ತೊಂಬತ್ತಾರೇ.

"ದುಡ್ಡು ಸರಿ ಇದೆ, ಚೀಟಿನೇ ತಪ್ಪು. ಎಣಿಸಿದ ಮೇಲೆ, ಎಣಿಸಿದವರೇ ಬರೀಬೇಕು ಅಕ್ಕಾ. ಎಷ್ಟರ ನೋಟು, ಎಷ್ಟಿದೆ, ತಾರೀಖು, ಸಂಘದ ಹೆಸರು, ನಿಮ್ಮ ಸಹಿ. ಐನೂರರದ್ದು, ನೂರರದ್ದು ಬೇರೆ ಬೇರೆ ಕಟ್ಟು. ಹರಿದ ನೋಟು ಪಕ್ಕಕ್ಕಿಡಿ. ಪಿನ್ ಮಾತ್ರ ಹೊಡೀಬೇಡಿ."

"ಚೀಟಿಲೇನಿದೆ ಬಿಡಮ್ಮಾ, ಹೇಗೂ ನೀವು ಎಣಿಸ್ತೀರಲ್ಲ," ಎಂದು ಅಕ್ಕ ಹಟ ಮಾಡಿದಳು. ಆಮೇಲೆ ಸೆರಗು ಕಣ್ಣಿಗೊತ್ತಿಕೊಂಡಳು. "ಅವರ ಅಕ್ಷರ ಕಂಡರೆ ಎದುರಿಗೇ ಕೂತಂಗಿರುತ್ತೆ."

"ಆ ಚೀಟಿ ಜೋಪಾನವಾಗಿ ಇಟ್ಕೊಳ್ಳಿ. ಆದ್ರೆ ದುಡ್ಡಿಗೆ ಸುತ್ತಬೇಡಿ. ಸತ್ತವರ ಸಹಿ ಮೇಲೆ ಯಾಕೆ ಅನುಮಾನ ಬರಬೇಕು, ಹೇಳಿ?"

ಆ ಮಾತು ಅಕ್ಕನಿಗೆ ನಾಟಿತು. ತರಕಾರಿಯವಳು ತಲೆ ತಗ್ಗಿಸಿ, "ತಪ್ಪಾಯ್ತಕ್ಕಾ, ಬಾಯಿಗೆ ಬಂದಿದ್ದು ಅಂದುಬಿಟ್ಟೆ," ಎಂದಳು.

ಮುಂದಿನ ಕಂತಿನ ದಿನ ಬಾಗಿಲು ಬಡಿದ ಸದ್ದಾಯಿತು. ತರಕಾರಿಯವಳು ಬಂದು, ಗಂಡ ಕೂರುತ್ತಿದ್ದ ಜಾಗದಲ್ಲೇ ಚಕ್ಕಳಮಕ್ಕಳ ಹಾಕಿ ಕೂತಳು. ಅಕ್ಕ ಎಣಿಸಿದಳು, ಅವಳು ಇನ್ನೊಮ್ಮೆ ಎಣಿಸಿದಳು. ಲೆಕ್ಕ ತಾಳೆಯಾಯಿತು. ಹೊಸ ಚೀಟಿಯಲ್ಲಿ ಅಕ್ಕ ನಿಧಾನವಾಗಿ ತನ್ನ ಸಹಿ ಹಾಕಿದಳು. ಹಳೆಯ ಚೀಟಿಗಳ ಡಬ್ಬಿ ಮಷಿನ್ನಿನ ಖಾನೆ ಸೇರಿತು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಸಂಘದ ಕಟ್ಟಿನ ಮೇಲೆ ಇವತ್ತಿನ ಲೆಕ್ಕ, ಇವತ್ತಿನ ತಾರೀಖು, ಎಣಿಸಿದವರ ಸಹಿ ಇದೆಯೇ? ಈಗಲೇ ತೆಗೆದು ನೋಡಿ. ಹಾಗೇ ನಿಮ್ಮ ಬೀದಿಯಲ್ಲಿ ಯಾರಾದರೂ ಒಬ್ಬರೇ ಕೂತು ಎಣಿಸುತ್ತಿದ್ದರೆ, ಹೋಗಿ ಎದುರಿಗೆ ಕೂತುಕೊಳ್ಳಿ.