ತಿರುವಿ ನೋಡಿದ ಕಲ್ಲುಹೂವು

ಹದಿನಾರು ಗ್ರಾಮದ ಮಂಗಳಮ್ಮ ನಂಜನಗೂಡಿನ ಮಸಾಲೆ ಮಿಲ್ಲಿನಲ್ಲಿ ಹತ್ತೊಂಬತ್ತು ವರ್ಷ ಕಲ್ಲುಹೂವು ಹಸನು ಮಾಡಿದವಳು. ಮೈಸೂರಿನ ಲ್ಯಾಬಿನಲ್ಲಿ ಸಂಶೋಧನೆ ಮಾಡುವ ಮಗಳು ಕವನ ಊರಿಗೆ ಬರುವಾಗಲೆಲ್ಲ ಒಂದು ಪೊಟ್ಟಣ ಕಲ್ಲುಹೂವು ತರುವುದು ವಾಡಿಕೆ. ಹಾಗಾಗಿ ಆ ಭಾನುವಾರ ಮಗಳ ಬ್ಯಾಗಿನಲ್ಲಿ ಕಾಗದದ ಪೊಟ್ಟಣ ಕಂಡಾಗ ಅವಳು ಕೇಳುವ ಗೋಜಿಗೇ ಹೋಗಲಿಲ್ಲ. ಮೊರಕ್ಕೆ ಸುರಿದು, ಹಸನು ಮಾಡಿ, ಒಂದು ಹಿಡಿಯನ್ನು ಧನಿಯಾದ ಜೊತೆ ಬಾಣಲೆಗೆ ಹಾಕಿಯೂ ಆಗಿತ್ತು.

ಸ್ನಾನ ಮುಗಿಸಿ ಬಂದ ಕವನ ಖಾಲಿ ಪೊಟ್ಟಣವನ್ನು ಕಂಡು ಒಲೆಯತ್ತ ಓಡಿದಳು. ಅದು ಅಂಟಾರ್ಕ್ಟಿಕಾದ ಬಂಡೆಯ ಮೇಲಿನ ಕಲ್ಲುಹೂವು. ಅಲ್ಲಿಗೆ ಹೋಗಿದ್ದ ಸಂಶೋಧಕರ ತಂಡದವರು ಹಿಮದಲ್ಲಿ ಅಲೆದು ಕೆರೆದು ತಂದದ್ದು. ಯಾವುದು ಯಾವ ಬಗೆಯೆಂದು ಗುರುತಿಸುವುದು ಕವನಳ ಕೆಲಸ. ಚಿತ್ರ ಬರೆದು ಸೋಮವಾರ ಒಪ್ಪಿಸುತ್ತೇನೆಂದು ಸಹಿ ಹಾಕಿ ತಂದಿದ್ದಳು. ಅಂಥ ಪೊಟ್ಟಣ ಲ್ಯಾಬಿನಲ್ಲಿ ಇನ್ನೊಂದಿರಲಿಲ್ಲ.

"ಅವ್ವ, ನನ್ ಕೆಲ್ಸನೇ ಓಯ್ತು" ಎಂದು ಅಲ್ಲೇ ಕುಸಿದು ಅತ್ತಳು.

ಮಂಗಳಮ್ಮ ಗ್ಯಾಸ್ ಆಫ್ ಮಾಡಿದಳು. ಭೂಮಿಯ ತುದಿಯಿಂದ ಬಂದದ್ದನ್ನು ಕೋಳಿ ಸಾರಿಗೆ ಹುರಿದೆನಲ್ಲ ಎಂದು ಅವಳಿಗೂ ಸಂಕಟವಾಯಿತು. ಆದರೆ ಎಂಥ ಸಂಕಟದಲ್ಲೂ ಮಿಲ್ಲಿನ ಬುದ್ಧಿ ಬಿಡಬೇಕಲ್ಲ.

"ತಪ್ಪಾಯ್ತು ಮಗಾ. ಆದ್ರೆ ನಿಮ್ಮೋರು ಎರಡು ತರದ್ದ ಯಾಕೆ ಒಂದೇ ಪೊಟ್ಣಕ್ಕೆ ತುಂಬವ್ರೆ? ನಮ್ ಮೇಸ್ತ್ರಿ ಆಗಿದ್ರೆ ಸುಮ್ಕೆ ಬಿಡ್ತಿರ್ನಿಲ್ಲ."

"ಎರಡಲ್ಲ ಕಣವ್ವ, ಒಂದೇ. ಆರು ತಿಂಗ್ಳಿಂದ ನೋಡ್ತಾ ಇದೀನಿ."

"ಮೇಲ್ಗಡೆ ನೋಡಿದ್ರೆ ಒಂದೇಯ. ತಿರುವಿ ನೋಡು."

ಮೊರದಲ್ಲಿ ಆಗಲೇ ಎರಡು ಗುಡ್ಡೆಗಳಿದ್ದವು. ಒಂದರ ತಳ ಮಸಿಗಪ್ಪು, ಇನ್ನೊಂದರದು ತಿಳಿಗಂದು. ಕವನ ಕಣ್ಣೊರೆಸಿಕೊಂಡು ಭೂತಗನ್ನಡಿ ಹಿಡಿದಳು. ಅವಳು ನಾಲ್ಕು ಚೂರುಗಳ ತಳವನ್ನಷ್ಟೇ ನೋಡಿ, ಉಳಿದದ್ದೂ ಹಾಗೇ ಎಂದುಕೊಂಡಿದ್ದಳು. ಅವ್ವ ಒಂದೊಂದನ್ನೂ ತಿರುವಿದ್ದಳು. ಒಂದು ಚೂರೂ ತಪ್ಪು ಗುಡ್ಡೆಗೆ ಬಿದ್ದಿರಲಿಲ್ಲ.

ಸೋಮವಾರ ಕವನ ತನ್ನ ಸಂಶೋಧನೆಯ ಗೈಡ್ ಶಂಭುಲಿಂಗಪ್ಪನವರಿಗೆ ನಡೆದದ್ದನ್ನೆಲ್ಲ ಹೇಳಿಬಿಟ್ಟಳು. ಅವರು ಚೆನ್ನಾಗಿಯೇ ಬೈದರು. ಆಮೇಲೆ ಎರಡು ಗುಡ್ಡೆಯನ್ನೂ ಸೂಕ್ಷ್ಮದರ್ಶಕದ ಕೆಳಗಿಟ್ಟು ಮಧ್ಯಾಹ್ನದ ಊಟವನ್ನೇ ಮರೆತರು. ಕೊನೆಗೆ ಲ್ಯಾಬಿನ ರಿಜಿಸ್ಟರನ್ನು ಅವಳತ್ತ ತಳ್ಳಿ, "ಇದ್ದದ್ದನ್ನ ಇದ್ದ ಹಾಗೆ ಬರಿ" ಎಂದರು.

ಸಂಜೆ ಊರಿಗೆ ಬಂದು ತಾನು ಬರೆದ ಪುಟದ ಫೋಟೊವನ್ನು ಫೋನಿನಲ್ಲಿ ತೋರಿಸಿದಾಗ ಮಂಗಳಮ್ಮ ತನ್ನ ಹೆಸರನ್ನು ಮೊದಲು ಗುರುತಿಸಿದಳು. ಮುಖ ಬಾಡಿತು.

"ನನ್ ಎಸ್ರ್ಯಾಕೆ? ದಂಡ ಆಕವ್ರಾ?"

ಕವನ ಓದಿ ಹೇಳಿದಳು: "ಒಂದು ಹಿಡಿ ಅಡುಗೆಯಲ್ಲಿ ನಷ್ಟ, ಹೊಣೆ ಕವನ. ಪ್ರಭೇದ ಎರಡು, ಬೇರ್ಪಡಿಸಿದವರು ಮಂಗಳಮ್ಮ, ಹದಿನಾರು ಗ್ರಾಮ."

ಮಂಗಳಮ್ಮ ಫೋನನ್ನು ಕೈಗೆ ತೆಗೆದುಕೊಂಡು ತನ್ನ ಹೆಸರನ್ನು ಮತ್ತೊಮ್ಮೆ ಓದಿಕೊಂಡಳು.

"ಅತ್ತೊಂಬತ್ತು ವರ್ಸ ಮಾಡಿದ್ನಲ್ಲ ಮಗಾ" ಎಂದಳು. "ಯಾರೂ ಎಸ್ರು ಬರ್ಕೊಂಡಿರ್ನಿಲ್ಲ."