ಗಾಜಿನ ಆಚೆಯ ಅಮ್ಮ

ಗಾಜಿನ ಆಚೆ ಅಮ್ಮ ಬೆರಳೆತ್ತಿದಳು. ಮುಂದಿನ ಸದ್ದು ಇನ್ನೂ ಸಣ್ಣದು. ಸ್ವಲ್ಪ ಅನುಮಾನಿಸಿ ಬೆರಳು ಮತ್ತೆ ಎದ್ದಿತು. ಅದಕ್ಕಿಂತ ಸಣ್ಣದಕ್ಕೆ ಏಳಲಿಲ್ಲ. ಮಗಳು ಕಾಗದದ ಮೇಲೆ ಗುರುತು ಹಾಕಿ ಗುಂಡಿ ತಿರುಗಿಸಿದಳು.

ಕಿವಿ ಪರೀಕ್ಷೆಯ ಆ ಗೂಡು ಒಂದು ದೊಡ್ಡ ಬೀರುವಿನಷ್ಟಿತ್ತು. ದಪ್ಪ ಬಾಗಿಲು, ಗೋಡೆಗೆಲ್ಲ ಬೂದು ಸ್ಪಂಜು, ನಡುವೆ ಒಂದು ಕುರ್ಚಿ. ಈ ಕ್ಲಿನಿಕ್ಕಿಗೆ ಸೇರಿದಾಗಿನಿಂದ ಎಷ್ಟೋ ಮುದುಕಿಯರನ್ನು ಅವಳು ಅದರೊಳಗೆ ಕೂರಿಸಿ, ಹೆಡ್‌ಫೋನ್ ಹಾಕಿ, ಈಚೆ ಬಂದು ಯಂತ್ರದ ಮುಂದೆ ಕೂತಿದ್ದಾಳೆ. ಇವತ್ತು ಹೆಡ್‌ಫೋನ್ ಹಾಕಿಸಿಕೊಂಡವಳು ಅಮ್ಮ. ತಲೆವಸ್ತ್ರ ಹಿಂದೆ ಸರಿಸಬೇಕಾಗಿ ಬಂದಾಗ ಅಮ್ಮ ತಾನೇ ಸರಿಸಿಕೊಂಡಿದ್ದಳು. ಆಗ ಅವಳ ಕಣ್ಣು ಮಗಳ ಕಿವಿಯ ಪುಟ್ಟ ಓಲೆಯ ಮೇಲೆ ಒಂದು ಗಳಿಗೆ ನಿಂತು, ಕೆಳಗಿಳಿದಿತ್ತು. ಅಮ್ಮ ನಡೆದುಕೊಳ್ಳುವ ಧರ್ಮಸಭೆಯ ಹೆಂಗಸರು ಕಿವಿ ಚುಚ್ಚಿಸಿಕೊಳ್ಳುವುದಿಲ್ಲ.

ಅಮ್ಮನನ್ನು ಕರೆತಂದವಳು ಚಿಕ್ಕಮ್ಮ. ಮೆಟ್ಟಿಲು ಹತ್ತಿ ಬರುತ್ತಲೇ ಅವಳ ಬಾಯಿ ಶುರುವಾಗಿತ್ತು. "ಅಯ್ಯೋ, ಕಿವಿ ತೋರ್ಸೋಕೆ ಬಂದ್ರೆ ಕಾಲೂ ಮುರ್ಕೊಂಡು ಹೋಗ್ಬೇಕು ನೋಡು. ಆ ಮೆಟ್ಟಿಲು ಒಡೆದು ಎಷ್ಟು ದಿನ ಆಯ್ತಮ್ಮಾ?"

"ನಾನು ಸೇರೋಕೆ ಮುಂಚೆಯಿಂದಾನೂ ಹಂಗೇ ಇದೆ," ಎಂದಿದ್ದಳು ಕೌಂಟರಿನ ಹುಡುಗಿ. ಸದಾ ಮಾತಾಡುವ ಅವಳನ್ನು ಕ್ಲಿನಿಕ್ಕಿನಲ್ಲಿ ಎಲ್ಲರೂ ಕರೆಯುವುದು ರೇಡಿಯೊ ಎಂದೇ. "ಮೇಲಿಂದ ನಾಲ್ಕನೇದು. ಇಳೀವಾಗ ಇನ್ನೂ ಮೋಸ, ಕಾಣೋದೇ ಇಲ್ಲ."

ಆ ಹೊತ್ತಿಗೆ ಒಳಗಿನಿಂದ ಮಗಳು ಬಂದಿದ್ದಳು. ಅಮ್ಮ ಬಾಗಿಲಲ್ಲೇ ನಿಂತುಬಿಟ್ಟಳು. ಚಿಕ್ಕಮ್ಮ ಮಾತ್ರ ಏನೂ ಆಗದವಳಂತೆ ಅಕ್ಕನ ರಟ್ಟೆ ಹಿಡಿದು ಒಳಗೆಳೆದು, ರೇಡಿಯೊಗೆ ವರದಿ ಒಪ್ಪಿಸಿದಳು. ಹಿಂದಿನಿಂದ ಬಂದ ಸ್ಕೂಟರು ಎಷ್ಟು ಹಾರ್ನ್ ಹೊಡೆದರೂ ಅಕ್ಕನಿಗೆ ಕೇಳಿಸಲಿಲ್ಲ. ಮೊಣಕೈ ಮಾತ್ರ ತರಚಿದ್ದು ಪುಣ್ಯ. ಮುಂದಿನ ಸಲ ಲಾರಿ ಬಂದರೆ ಗತಿಯೇನು? ಸಭೆಯ ಹಿರಿಯರನ್ನು ಕೇಳಿದ್ದಕ್ಕೆ ಕಿವಿಗೆ ಮಶೀನು ಹಾಕಿಸಬಹುದು ಎಂದರಂತೆ.

"ಎಷ್ಟು ದಿನದಿಂದ ಹೀಗಿದೆ?" ಮಗಳು ಕೇಳಿದಳು.

ಚಿಕ್ಕಮ್ಮ ಗೋಡೆಯ ಮೇಲಿನ ಕಿವಿಯ ಚಿತ್ರ ನೋಡುತ್ತ ನಿಂತಳು.

"ಅವರನ್ನ ಕೇಳು," ಎಂದಳು ಮಗಳು, ರೇಡಿಯೊ ಕಡೆ ತಿರುಗಿ.

"ಇಲ್ಲೇ ಒಂದು ಗೇಣು ದೂರದಲ್ಲಿದ್ದಾರಲ್ಲ ಮೇಡಂ? ನೀವು ಕೇಳಿದ್ದು ಕೇಳಿಸ್ಲಿಲ್ವಾ ಅವರಿಗೆ?"

"ಕೇಳಿಸಲ್ಲ."

"ಹಂಗಾದ್ರೆ ಇಬ್ಬರಿಗೂ ಒಂದೊಂದು ಮಶೀನ್ ಹಾಕ್ಸಿಬಿಡೋಣ." ಹಾಗೆಂದು ನಕ್ಕವಳು ಮಗಳ ಮುಖ ನೋಡಿ ನಗು ನಿಲ್ಲಿಸಿದಳು.

ಸಭೆ ಬಿಟ್ಟವರ ಹೆಸರನ್ನು ಹಿರಿಯರು ಕೊನೆಯ ಸಲ ಗಟ್ಟಿಯಾಗಿ ಕರೆಯುತ್ತಾರೆ. ಆಗ ಎಲ್ಲರೂ ಎದ್ದು ನಿಂತು ಎರಡೂ ಅಂಗೈಯಿಂದ ಕಿವಿ ಮುಚ್ಚಿಕೊಳ್ಳುತ್ತಾರೆ. ಅಲ್ಲಿಗೆ ಆ ಮನುಷ್ಯನ ದನಿ ಅವರ ಪಾಲಿಗೆ ಮುಗಿಯಿತು. ನೋಡಬಹುದು, ಎದುರು ಕೂರಬಹುದು, ಬಿದ್ದರೆ ಕೈಹಿಡಿದು ಎತ್ತಲೂಬಹುದು. ಮಾತು ಮಾತ್ರ ಕೇಳಿಸಬಾರದು. ಕೇಳಿಸದ ಮಾತಿಗೆ ಉತ್ತರ ಎಲ್ಲಿಂದ ಬರಬೇಕು? ಚಿಕ್ಕವಳಿದ್ದಾಗ ಮಗಳೂ ಸೋದರಮಾವನಿಗೆ ಹಾಗೆ ಕಿವಿ ಮುಚ್ಚಿದ್ದಳು. ಅಂಗೈ ಒತ್ತಿದಾಗ ಒಳಗೆ ಭೋರೆಂದ ಸದ್ದು ಚೆನ್ನಾಗಿದೆ ಅನ್ನಿಸಿ, ಮನೆಗೆ ಬಂದ ಮೇಲೂ ಮುಚ್ಚಿ ತೆಗೆದು, ಮುಚ್ಚಿ ತೆಗೆದು ಆಡಿದ್ದಳು. ಮಾವ ಅಂಗಳದಲ್ಲಿ ನಿಂತು ತನ್ನ ಬಟ್ಟೆಬರೆ ಕೇಳುತ್ತಿದ್ದ.

ಹೊರಗಿನವನೊಬ್ಬನನ್ನು ಮದುವೆಯಾಗುತ್ತೇನೆಂದು ಅವಳು ಹೊರಟಾಗ ಅವಳ ಹೆಸರನ್ನೂ ಕರೆದರು. ಹೋಗುವವರು ಬಾಗಿಲಲ್ಲಿ ನಿಂತು ನೋಡಬೇಕೆಂಬುದು ನಿಯಮ. ನೋಡಿದಳು. ಅಮ್ಮನ ಒಂದು ಕೈಯ ಹೆಬ್ಬೆರಳಿಗೆ ಗಾಯವಾಗಿ ದಪ್ಪನೆಯ ಪಟ್ಟಿ ಕಟ್ಟಿತ್ತು. ಆ ಕಡೆಯ ಕಿವಿ ಸರಿಯಾಗಿ ಮುಚ್ಚಿರಲಾರದು ಎಂದು ಅವಳು ಎಷ್ಟೋ ವರ್ಷ ನಂಬಿಕೊಂಡಿದ್ದಳು. ಆ ಮದುವೆಯೇ ಹೆಚ್ಚು ದಿನ ಬಾಳಲಿಲ್ಲ. ಸಭೆಯ ಮುಂದೆ ನಿಂತು ತಪ್ಪಾಯಿತೆಂದರೆ ಹಿಂದಕ್ಕೆ ಹೋಗಬಹುದಿತ್ತು. ಹೋಗಲಿಲ್ಲ. ಈಗ ಒಬ್ಬಳೇ ಇದ್ದಾಳೆ. ಸಂಜೆ ಪಾತ್ರೆ ತೊಳೆಯುವಾಗ ಹಾಡು ಹಾಕಿಕೊಳ್ಳುತ್ತಾಳೆ, ಆದರೆ ಕಿಟಕಿ ಮುಚ್ಚಿ. ಓಲೆ ಹಾಕಿಕೊಂಡ ಮೊದಲ ವಾರ ರಸ್ತೆಯಲ್ಲಿ ಎಲ್ಲರೂ ತನ್ನ ಕಿವಿಯನ್ನೇ ನೋಡುತ್ತಿದ್ದಾರೆ ಅನ್ನಿಸಿತ್ತು. ತಪ್ಪು ಎನ್ನುವುದು ತಲೆಯಿಂದ ಹೋದಷ್ಟು ಸಲೀಸಾಗಿ ಕೈಕಾಲಿನಿಂದ ಹೋಗಿಲ್ಲ.

ಸದ್ದುಗಳ ಪರೀಕ್ಷೆ ಮುಗಿಯಿತು. ಅಮ್ಮನ ಕಿವಿ ಅಷ್ಟೇನೂ ಕೆಟ್ಟಿರಲಿಲ್ಲ. ಬೀದಿಯ ಗದ್ದಲದಲ್ಲಿ ಹಾರ್ನು ತಪ್ಪಿಹೋದರೂ, ಹತ್ತಿರದಿಂದ ದನಿ ಏರಿಸಿ ಆಡಿದ ಮಾತು ಕೇಳಿಸಬೇಕು, ಮಶೀನು ಹಾಕಿದರೆ ಇನ್ನೂ ಚೆನ್ನಾಗಿ. ಉಳಿದದ್ದು ಪದಗಳ ಪರೀಕ್ಷೆ. ಮೈಕಿನಲ್ಲಿ ಒಂದೊಂದೇ ಪದ ಹೇಳಬೇಕು, ಒಳಗಿದ್ದವರು ಅದನ್ನೇ ತಿರುಗಿ ಹೇಳಬೇಕು. ಅದರಲ್ಲಿ ಸೊನ್ನೆ ಬಂದರೆ ಡಾಕ್ಟರು ಮಶೀನು ಬರೆಯುವುದಿಲ್ಲ. ನರವೇ ಹೋಗಿದೆ, ಹಾಕಿ ಪ್ರಯೋಜನವಿಲ್ಲ ಅನ್ನುತ್ತಾರೆ.

ಅವಳು ಮೈಕನ್ನು ಹತ್ತಿರ ಎಳೆದುಕೊಂಡಳು.

"ಮನೆ."

ಅಮ್ಮ ತನ್ನ ಮಂಡಿ ನೋಡುತ್ತ ಕೂತಿದ್ದಳು.

"ಹಾಲು." ಇಲ್ಲ. "ಬಾಗಿಲು." ಇಲ್ಲ.

"ಅಮ್ಮಾ," ಎಂದಳು. ಎಷ್ಟೋ ವರ್ಷದ ಮೇಲೆ ಬಾಯಿಗೆ ಬಂದ ಆ ಪದ ಮೈಕಿನಲ್ಲಿ ಒಣಗಿದಂತೆ ಕೇಳಿಸಿತು. "ಇದು ಬರೀ ಪರೀಕ್ಷೆ. ನಾನು ಅಂದ್ಕೋಬೇಡ. ಯಂತ್ರ ಮಾತಾಡ್ತಿದೆ ಅಂದ್ಕೋ. ಹೇಳಿದ್ದನ್ನ ಹೇಳಿದ್ರೆ ಆಯ್ತು. ಅದು ಉತ್ತರ ಕೊಟ್ಟ ಹಾಗೆ ಆಗಲ್ಲ."

ಅಮ್ಮನ ಹೆಬ್ಬೆರಳು ಸೆರಗಿನ ಅಂಚನ್ನು ಉಜ್ಜತೊಡಗಿತು.

ಅವಳು ಗುಂಡಿ ಏರಿಸಿದಳು. "ಮನೆ." ಇನ್ನೂ ಏರಿಸಿದಳು. "ಮನೆ." ತನ್ನ ಕೈ ಏನು ಮಾಡುತ್ತಿದೆ ಎಂದು ಅವಳಿಗೆ ಗೊತ್ತಿತ್ತು. ಆ ಮಟ್ಟದಲ್ಲಿ ಚೆನ್ನಾಗಿ ಕೇಳಿಸುವವರಾಗಿದ್ದರೆ ಹೆಡ್‌ಫೋನ್ ಕಿತ್ತೆಸೆದು ಓಡುತ್ತಿದ್ದರು. "ಮನೆ! ಮನೆ ಅನ್ನಮ್ಮಾ, ಒಂದ್ಸಲ!" ಅಮ್ಮನ ರೆಪ್ಪೆಗಳು ಪಟಪಟನೆ ಬಡಿದುಕೊಂಡವು, ಕತ್ತಿನ ನರ ಉಬ್ಬಿತು, ಕಣ್ಣಿನ ಮೂಲೆಯಲ್ಲಿ ನೀರು ಬಂತು. ಬಾಯಿ ಮಾತ್ರ ಹೊಲಿದಿಟ್ಟಂತೆ ಇತ್ತು.

ಅವಳು ಗುಂಡಿಯನ್ನು ಒಮ್ಮೆಲೇ ಕೆಳಗೆ ತಿರುಗಿಸಿ, ಕೈಯನ್ನು ತೊಡೆಯ ಕೆಳಗಿಟ್ಟುಕೊಂಡು ಕೂತಳು. ಕಾಗದದಲ್ಲಿ ಸೊನ್ನೆ ಬರೆದು ಸಹಿ ಹಾಕಿದರೆ ಮುಗಿಯಿತು. ಯಾರೂ ಕೇಳುವವರಿಲ್ಲ. ಅಮ್ಮ ಕಿವುಡಿಯಾಗಿ, ತನ್ನ ನಂಬಿಕೆಯಲ್ಲಿ ಗಟ್ಟಿಯಾಗಿ, ರಸ್ತೆಗಿಳಿದು ಹೋಗುತ್ತಾಳೆ. ಪೆನ್ನು ತೆಗೆದುಕೊಂಡಳು. ತರಚಿದ ಮೊಣಕೈಗೆ ಯಾರೋ ಅರಿಶಿನದಂಥದ್ದೇನೋ ಮೆತ್ತಿದ್ದು ಗಾಜಿನಿಂದಲೇ ಕಾಣುತ್ತಿತ್ತು.

ಬಾಗಿಲು ತೆರೆದು ರೇಡಿಯೊವನ್ನು ಕರೆದಳು. "ಇಲ್ಲಿ ಬಂದು ಕೂತ್ಕೋ. ನಾನು ಚೀಟೀಲಿ ತೋರ್ಸಿದ ಪದ ಮಾತ್ರ ಹೇಳ್ಬೇಕು. ಹೆಚ್ಚಿಗೆ ಒಂದಕ್ಷರ ಮಾತಾಡ್ಬೇಡ."

"ನನ್ನ ಕೈಲಿ ಆಗೋ ಕೆಲಸ ಹೇಳಿ ಮೇಡಂ," ಎನ್ನುತ್ತಲೇ ಅವಳು ಕೂತಳು. ಯಾಕೆ ಎಂದು ಕೇಳಲಿಲ್ಲ. ರೈಲು ಬರುವುದನ್ನು ಸಾರುವವಳಂತೆ ಗಂಟಲು ಸರಿಮಾಡಿಕೊಂಡು, "ಮನೆ," ಎಂದಳು.

"ಮನೆ," ಎಂದಿತು ಮಗಳ ಕಿವಿಯಲ್ಲಿದ್ದ ಹೆಡ್‌ಫೋನಿನೊಳಗೆ ಅಮ್ಮನ ದನಿ.

ಅದು ಸಣ್ಣಗಾಗಿತ್ತು. ಅಂಚಿನಲ್ಲಿ ಸ್ವಲ್ಪ ಬಿರುಕು ಬಿಟ್ಟಿತ್ತು. ಹಾಲು, ಬಾಗಿಲು, ಕಿಟಕಿ, ನೀರು. ಒಂದಾದ ಮೇಲೊಂದು ಅಮ್ಮ ಶ್ರದ್ಧೆಯಿಂದ ಒಪ್ಪಿಸಿದಳು, ಪಾಠ ಒಪ್ಪಿಸುವ ಮಗುವಿನಂತೆ. ಮಗಳು ತಲೆ ತಗ್ಗಿಸಿ ಗುರುತು ಹಾಕುತ್ತ ಹೋದಳು. ಬೇಕಾದಷ್ಟು ಪದ ಮುಗಿದ ಮೇಲೂ ಇನ್ನೊಂದು ಚೀಟಿ ಮುಂದೆ ತಳ್ಳಿದಳು, ಮತ್ತೊಂದು. ರೇಡಿಯೊ ಅವಳ ಮುಖ ನೋಡಿದಳೇ ಹೊರತು ನಿಲ್ಲಿಸಲಿಲ್ಲ.

ಡಾಕ್ಟರು ಕಾಗದ ನೋಡಿ ಬಲಗಿವಿಗೆ ಮಶೀನು ಬರೆದರು. ಕಿವಿಯ ಹಿಂದೆ ಕೂರುವಂಥದ್ದು, ಹುರುಳಿಕಾಯಿಯ ತುಂಡಿನಷ್ಟು. ಹಾಕುವುದು ಮಗಳ ಕೆಲಸ. ತಲೆವಸ್ತ್ರ ಸರಿಸಿದಾಗ ಅಮ್ಮನ ಕೂದಲಿಗೆ ಅದೇ ಹಳೆಯ ಸೋಪಿನ ವಾಸನೆ. ಕಿವಿ ತಣ್ಣಗಿತ್ತು, ಹಾಲೆ ತೆಳ್ಳಗೆ ಜೋತಿತ್ತು. ಮುಟ್ಟುವುದಕ್ಕೆ ನಿಯಮ ಅಡ್ಡಿಯಿರಲಿಲ್ಲ, ಆದ್ದರಿಂದ ಅವಳು ನಿಧಾನವಾಗಿ ಕೂರಿಸಿದಳು, ತೆಗೆದಳು, ಮತ್ತೆ ಕೂರಿಸಿದಳು. ಅಮ್ಮ ಕಣ್ಣು ಮುಚ್ಚಿಕೊಂಡಿದ್ದಳು.

"ರಾತ್ರಿ ತೆಗೆದಿಡಬೇಕು," ಎಂದು ಮಗಳು ಶುರುಮಾಡಿದಳು. ರೇಡಿಯೊ ಅದನ್ನೇ ಗಟ್ಟಿಯಾಗಿ ಚಿಕ್ಕಮ್ಮನಿಗೆ ಹೇಳುತ್ತ ಹೋದಳು. ನೀರು ತಾಗಿಸಬಾರದು. ಸೆಲ್ಲು ಹೋಗಿದೆಯಾ ಅಂತ ದಿನಾ ಬೆಳಿಗ್ಗೆ ನೋಡಿಕೊಳ್ಳಬೇಕು. "ಹೆಂಗೆ ಅಂದ್ರೆ, ಕಿವಿ ಮೇಲೆ ಹಿಂಗೆ ಅಂಗೈ ಮುಚ್ಚಿ. ಕುಯ್ ಅಂತ ಕೂಗಿದ್ರೆ ಕೆಲಸ ಮಾಡ್ತಿದೆ ಅಂತ. ಕೂಗ್ಲಿಲ್ಲ ಅಂದ್ರೆ ಸತ್ತೋಗಿದೆ."

ಚಿಕ್ಕಮ್ಮ ಅಂಗೈ ಎತ್ತಿದ ಹುಡುಗಿಯನ್ನು ನೋಡಿದಳು. ಆಮೇಲೆ ಅವತ್ತು ಮೊದಲ ಸಲ ಅವಳ ಕಣ್ಣು ಮಗಳ ಕಡೆ ಹೊರಳಿ, ಕೂಡಲೇ ತಿರುಗಿತು. "ದಿನಾ ಬೆಳಿಗ್ಗೇನಾ?" ಎಂದಳು ರೇಡಿಯೊಗೆ.

"ದಿನಾ."

"ಆಯ್ತು. ಅಭ್ಯಾಸ ಇದೆ ನಮಗೆ." ನಗಲು ನೋಡಿದಳು. ಬರಲಿಲ್ಲ.

ಚಿಕ್ಕಮ್ಮ ಚೀಲ ಹೆಗಲಿಗೇರಿಸಿ ಅಮ್ಮನನ್ನು ಮೆಟ್ಟಿಲ ಕಡೆ ನಡೆಸಿದಳು. ಕೌಂಟರಿನಲ್ಲಿ ಫೋನು ಬಡಿದುಕೊಂಡಿತು, ರೇಡಿಯೊ ಅತ್ತ ಓಡಿದಳು. ಅಮ್ಮ ಹೊಸ ಸದ್ದುಗಳಿಗೆ ಬೆಚ್ಚುತ್ತ ಇಳಿಯತೊಡಗಿದ್ದಳು: ತನ್ನದೇ ಚಪ್ಪಲಿ, ಬೀದಿಯ ಗದ್ದಲ, ಎಲ್ಲೋ ಒಂದು ಬಾಗಿಲು. ಚಿಕ್ಕಮ್ಮ ಎರಡು ಮೆಟ್ಟಿಲು ಮುಂದಿದ್ದಳು, ಹಿಂದೆ ನೋಡುತ್ತಿರಲಿಲ್ಲ.

ಮಗಳು ಮೇಲೆ ಬಂದು ನಿಂತಳು. ಕೂಗಲಿಲ್ಲ. ಅಡುಗೆಮನೆಯಿಂದ ಪಡಸಾಲೆಗೆ ಮಾತಾಡುವಷ್ಟೇ ದನಿಯಲ್ಲಿ, "ಅಮ್ಮ, ಮುಂದಿನ ಮೆಟ್ಟಿಲು ಒಡೆದಿದೆ," ಎಂದಳು.

ಅಮ್ಮ ನಿಂತಳು. ಹಿಂದೆ ತಿರುಗಲಿಲ್ಲ. ಅವಳ ಬಲಗೈ ನಿಧಾನವಾಗಿ ಮೇಲೆದ್ದು, ತಲೆವಸ್ತ್ರದ ಮೇಲಿಂದ ಕಿವಿಯನ್ನು ಮುಚ್ಚಿತು. ಅಂಗೈಯ ಕೆಳಗಿನಿಂದ ಮಶೀನು ಕುಯ್ ಎಂದು ಕೂಗತೊಡಗಿತು.

"ಕೈ ತೆಗಿ ಅಕ್ಕ, ಕೂಗ್ತಿದೆ ಅದು," ಎಂದಳು ಚಿಕ್ಕಮ್ಮ.

ಅಮ್ಮ ಕೈ ತೆಗೆಯಲಿಲ್ಲ. ಎಡಗೈಯಿಂದ ಕಂಬಿಯನ್ನು ಬಿಗಿಯಾಗಿ ಹಿಡಿದು, ಕಾಲು ಚಾಚಿ, ಒಡೆದ ಮೆಟ್ಟಿಲನ್ನು ಬಿಟ್ಟು ಅದರ ಕೆಳಗಿನದರ ಮೇಲೆ ಹೆಜ್ಜೆಯಿಟ್ಟಳು. ಆಮೇಲೆ ಇನ್ನೊಂದು. ತಿರುವಿನಲ್ಲಿ ಮೊದಲು ಚಿಕ್ಕಮ್ಮ ಮರೆಯಾದಳು, ನಂತರ ಅಮ್ಮನ ಬೂದು ತಲೆವಸ್ತ್ರ, ಕೊನೆಗೆ ಎತ್ತಿ ಹಿಡಿದ ಆ ಮೊಣಕೈ. ಬೀದಿಯ ಬಾಗಿಲು ಮುಚ್ಚಿಕೊಳ್ಳುವವರೆಗೂ ಆ ಸಣ್ಣ ಕೂಗು ಕೆಳಗಿನಿಂದ ಕೇಳುತ್ತಲೇ ಇತ್ತು.