ಒಗೆಯುವ ಕಲ್ಲಿನ ತಳ

ಪಟೇಲ ಚಿಕ್ಕಬೈರಪ್ಪನ ಹಿತ್ತಿಲಲ್ಲಿ ಸೊಣ್ಣಮ್ಮ ಇಪ್ಪತ್ತೇಳು ವರ್ಷ ಬಟ್ಟೆ ಒಗೆದಳು. ಸುದ್ದಗುಂಟೆಪಾಳ್ಯದಾಚೆಯ ಆ ಸಣ್ಣ ಊರಿನ ಹೆಂಗಸರೆಲ್ಲ ಜಯನಗರದ ಹೊಸ ಮನೆಗಳಿಗೆ ಕೆಲಸಕ್ಕೆ ಹೋಗತೊಡಗಿದಾಗಲೂ ಅವಳು ಆ ಕಲ್ಲನ್ನು ಬಿಟ್ಟು ಹೋಗಲಿಲ್ಲ.

ಅವಳ ಅಪ್ಪ ಬೋರಣ್ಣ ಊರಿನ ನೀರುಗಂಟಿ. ಕೆರೆಯ ತೂಬು ಎತ್ತಿ ಗದ್ದೆಗಳಿಗೆ ನೀರು ಹಂಚುವವನು. ಆ ಕೆಲಸಕ್ಕೆಂದೇ ಏರಿಯ ಕೆಳಗೆ ಎರಡು ಗದ್ದೆ ಅವನ ಮನೆತನಕ್ಕಿತ್ತು. ಪಟೇಲ ಅದನ್ನು ತನ್ನದೆಂದು ಉತ್ತಾಗ ಬೋರಣ್ಣ ಪಂಚಾಯಿತಿ ಸೇರಿಸಿ, "ಏರಿ ಮೇಲೆ ಶಾಸನದ ಕಲ್ಲೈತೆ, ಅದೇ ನನ್ ಸಾಕ್ಷಿ" ಎಂದ. ಹಿರಿಯರು ಹೋಗಿ ನೋಡಿದರೆ ಲಂಟಾನದ ನಡುವೆ ಬರೀ ಗುಂಡಿ. ಕಲ್ಲನ್ನು ಕಂಡಿದ್ದವರು ಪಟೇಲನ ಮುಖ ನೋಡಿ ತಲೆ ತಗ್ಗಿಸಿದರು. ಬೋರಣ್ಣ ಸುಳ್ಳನೆಂದು ತೀರ್ಮಾನವಾಯಿತು. ಅವನ ಮನೆಗೆ ಬೆಂಕಿ ಕೊಡುವ ಹಾಗಿಲ್ಲ, ಬಾವಿಯ ನೀರು ಕೊಡುವ ಹಾಗಿಲ್ಲ. ಎರಡು ಬೇಸಿಗೆ ಬದುಕಿದ. "ಕಲ್ಲಿತ್ತು ಕಣಮ್ಮಾ" ಎನ್ನುತ್ತಲೇ ಹೋದ. ಹೆಣ ಹೊರಲು ನಾಲ್ಕು ಜನ ಬರಲಿಲ್ಲ.

ಅಪ್ಪನೂ ಗದ್ದೆಯೂ ಹೋದ ಮೇಲೆ ಹೊಟ್ಟೆಪಾಡಿಗೆ ಪಟೇಲನ ಮನೆಗೇ ಸೇರಿದ ಮೊದಲ ವರ್ಷ, ಕಟ್ಟಿಕೊಂಡ ಮೋರಿ ಬಿಡಿಸಲು ಒಗೆಯುವ ಕಲ್ಲಿನಡಿಗೆ ಕೈ ಹಾಕಿದಾಗ ಸೊಣ್ಣಮ್ಮನ ಬೆರಳಿಗೆ ಅರ್ಧಚಂದ್ರ ಸಿಕ್ಕಿತು. ಪಕ್ಕದಲ್ಲಿ ದುಂಡಗೆ ಸೂರ್ಯ. ಕೆಳಗೆ ಸಾಲುಸಾಲು ಉಳಿಯ ಗೆರೆ. ಅಕ್ಷರ ಬಾರದಿದ್ದರೂ, ಅಪ್ಪ ಹೇಳಿದ್ದ ಕಲ್ಲು ಇದೇ ಎಂದು ಅವಳಿಗೆ ಗೊತ್ತಾಯಿತು. ಸೂರ್ಯಚಂದ್ರರಿರುವ ಕಲ್ಲನ್ನು ಒಡೆದರೆ ವಂಶ ನಿಲ್ಲುವುದಿಲ್ಲವೆಂಬ ಭಯಕ್ಕೆ ಪಟೇಲ ಅದನ್ನು ಒಡೆದಿರಲಿಲ್ಲ. ತಂದು ಬೋರಲು ಹಾಕಿದ್ದ, ಅಷ್ಟೆ.

ಅವಳು ಯಾರಿಗೂ ಹೇಳಲಿಲ್ಲ. ಹೇಳಿದ ಮರುದಿನವೇ ಕಲ್ಲು ಮತ್ತೆ ಮಾಯವಾಗುತ್ತಿತ್ತು. ದಿನಾ ಬೆಳಿಗ್ಗೆ ಪಟೇಲನ ಪಂಚೆಯನ್ನೇ ಮೊದಲು ಎತ್ತಿ ಬಡಿಯುತ್ತಿದ್ದಳು.

ಸಾವಿರದ ಒಂಬೈನೂರ ಐವತ್ತೊಂಬತ್ತರಲ್ಲಿ ಕೆರೆಯ ಸುತ್ತ ಲೇಔಟಿಗೆಂದು ಅಳತೆ ಶುರುವಾಯಿತು. ಜಾಗ ಮಣ್ಣುಪಾಲಾಗುವ ಮೊದಲು ಹಳೆಯ ಕಲ್ಲುಗಳ ಅಚ್ಚು ತೆಗೆದುಕೊಳ್ಳಲು ಪುರಾತತ್ವ ಇಲಾಖೆಯ ಜಯದೇವಪ್ಪ ಸೈಕಲ್ಲಿನಲ್ಲಿ ಬಂದರು. ಪಟೇಲ ಅವರನ್ನು ಬಾಗಿಲ ಮುಂದಿನ ವೀರಗಲ್ಲಿನ ಹತ್ತಿರ ಕರೆದೊಯ್ದ. ಊರೂ ಸೇರಿತು.

"ನಮ್ ಮುತ್ತಾತ, ಸಾರ್. ಹುಲಿ ಹೊಡ್ದೋರು."

ಜಯದೇವಪ್ಪ ಪದರುಪದರಾಗಿದ್ದ ಸುಣ್ಣ ಕೆರೆದರು. "ಇದು ಹಂದಿ ಅಲ್ವೇ, ಪಟೇಲ್ರೆ?"

"ಸುಣ್ಣ ಬಳಿದೂ ಬಳಿದೂ ಹುಲಿ ಊದ್ಕೊಂಡೈತೆ ಬಿಡಿ ಸಾಮಿ" ಎಂದು ಯಾರೋ ಹಿಂದಿನಿಂದ ಅಂದರು. ನಗು ಎದ್ದಿತು.

ಆ ನಗುವಿನ ನಡುವೆ ಸೊಣ್ಣಮ್ಮ ಒದ್ದೆ ಕೈಯಲ್ಲೇ ಬಂದು ನಿಂತಳು. "ಹಿತ್ಲಲ್ಲಿ ಇನ್ನೊಂದೈತೆ ಸಾಮಿ. ಬೋರಲು ಮಲಗೈತೆ."

"ಏಯ್, ಹೋಗಿ ಬಟ್ಟೆ ಒಗಿ!" ಎಂದ ಪಟೇಲ.

"ಒಗ್ದು ಮುಗೀತು ಗೌಡ್ರೆ."

ಜಯದೇವಪ್ಪ ಮೋರಿಯ ಕಡೆಯಿಂದ ಕಲ್ಲಿನಡಿಗೆ ಕೈ ಹಾಕಿದರು. ಕೂಡಲೇ ಹಾರೆ ತರಿಸಿದರು. ಆರು ಜನ ಸೇರಿ ಮಗುಚಿದರು. ಕೆಸರು ತೊಳೆದು, ಒದ್ದೆ ಕಾಗದ ಹರಡಿ, ಬ್ರಷ್ಷಿನಿಂದ ತಟ್ಟಿ, ಮಸಿ ಒತ್ತಿದರು. ಕಪ್ಪಿನಲ್ಲಿ ಬಿಳಿಯ ಅಕ್ಷರಗಳು ಒಂದೊಂದಾಗಿ ಎದ್ದವು. ಅವರು ಓದತೊಡಗಿದಾಗ ಸೊಣ್ಣಮ್ಮ ಗುಡಿಯಲ್ಲಿ ಭಾರತ ಕೇಳುವವಳ ಹಾಗೆ ಸೆರಗು ಹೊದ್ದು ಕೈ ಮುಗಿದಳು. ಐನೂರು ವರ್ಷದ ಮಾತು: ಏರಿಯ ಕೆಳಗಣ ಗದ್ದೆ ಕೆರೆ ಕಾಯುವವನಿಗೆ, ಅದನ್ನು ಕಿತ್ತುಕೊಂಡವನು ತನ್ನ ತಾಯಿಯನ್ನೇ ಕೊಂದ ಪಾಪಕ್ಕೆ ಹೋಗುವನು.

"ಜೋರಾಗಿ ಇನ್ನೊಂದ್ಸಲ ಓದಿ ಸಾಮಿ. ಹಿಂದಿರೋರ್ಗೆ ಕೇಳ್ಸಿಲ್ಲ."

ಓದಿದರು. "ನೀರುಗಂಟಿ ಮನೆ ಮಗಳು ಈಯಮ್ಮ" ಎಂದು ಯಾರೋ ಹೇಳಿದ್ದು ಕೇಳಿ ಮೆಲ್ಲಗೆ ಅಂದರು: "ಆದ್ರೆ ಅಮ್ಮಾ, ನಿಮ್ಮ ಮನೆತನದ ಹೆಸರು ಇದರಲ್ಲಿಲ್ಲ. ಇಲ್ಲದ್ದನ್ನ ನಾನು ಓದೋಕಾಗಲ್ಲ."

"ಬ್ಯಾಡ. ಕಲ್ಲಿತ್ತು ಅಂದಿದ್ದ ನಮ್ಮಪ್ಪ. ಅಷ್ಟೇ ಅಂದಿದ್ದು."

ಅವರು ಪುಸ್ತಕ ತೆರೆದರು. "ಇಲ್ಲಿಗೆ ಹೇಗೆ ಬಂತು ಇದು?"

"ಕೂಲಿಯೋರು ಯಾರೋ ತಂದ್ಹಾಕಿರ್ಬೇಕು. ಅದೆಲ್ಲ ಯಾಕೆ ಸಾರ್, ಅಕ್ಷರ ಸಿಕ್ತಲ್ಲ?" ಎಂದ ಪಟೇಲ.

"ಎಲ್ಲಿತ್ತು, ಯಾರು ಕಿತ್ತರು ಅನ್ನೋದು ಬಿಟ್ರೆ ಅರ್ಧ ಕತೆ ಹೋಯ್ತು ಪಟೇಲ್ರೆ. ಹಿಂದಿನೋರು ಬಾಯಿ ಬಿಟ್ಟು ಹೇಳಲ್ಲ, ಈ ಕಲ್ಲುಗಳೇ ಹೇಳ್ಬೇಕು. ಊರೋರು ಹೇಳಿದ್ದನ್ನ ಬರ್ಕೋತೀನಿ. ಇಲಾಖೆ ಪುಸ್ತಕದಲ್ಲಿ ಅಚ್ಚಾಗುತ್ತೆ. ನೂರು ವರ್ಷ ಆದ್ಮೇಲೂ ಓದ್ತಾರೆ."

ಪಟೇಲ ಸೊಣ್ಣಮ್ಮನ ಪಕ್ಕಕ್ಕೆ ಸರಿದು ದನಿ ತಗ್ಗಿಸಿದ. "ಸೊಣ್ಣಮ್ಮಕ್ಕಾ, ಎರಡ್ ಗದ್ದೇನೂ ಬಿಟ್ಕೊಡ್ತೀನಿ, ಈಗ್ಲೇ. ಗೊತ್ತಿಲ್ಲ ಅಂತ ಒಂದ್ ಮಾತ್ ಹೇಳು."

ಅಕ್ಕ ಎಂದಿದ್ದ. ಆ ಮನೆಯಲ್ಲಿ ಅವಳನ್ನು ಯಾರೂ ಹಾಗೆ ಕರೆದಿರಲಿಲ್ಲ. ಗದ್ದೆಯಲ್ಲಿ ಅಪ್ಪ ಮಂಡಿಮಟ್ಟ ಕೆಸರಿನಲ್ಲಿ ನಿಂತದ್ದು ಕಣ್ಣಿಗೆ ಬಂತು.

"ಗದ್ದೆ ಮೇಲೆ ನಾಳೆ ಮನೆ ಏಳ್ತವೆ ಗೌಡ್ರೆ" ಎಂದಳು, ಎಲ್ಲರಿಗೂ ಕೇಳುವಂತೆ. "ಅಚ್ಚಾಗೋದು ಇರ್ತದೆ."

ಜಯದೇವಪ್ಪನವರ ಎದುರು ಕುಕ್ಕರುಗಾಲಲ್ಲಿ ಕೂತು, ಗುಂಡಿಯಿಂದ ಹಿಡಿದು ಹೆಣದವರೆಗೆ, ಒಂದೂ ಬಿಡದೆ ಹೇಳಿದಳು. ಅಂದು ತಲೆ ತಗ್ಗಿಸಿದ್ದ ಮುದುಕ ಬೈರಣ್ಣ ಕೋಲೂರಿಕೊಂಡು ಮುಂದೆ ಬಂದು, "ಏರಿ ಮೇಲೆ ನಾನೂ ಕಂಡಿದ್ದೆ, ಬರ್ಕೊಳಿ" ಎಂದ.

"ಕಿತ್ತೋರ ಹೆಸರು ಚಿಕ್ಕಬೈರಪ್ಪ ಅಂತ ಬರೆದಿದ್ದೀನಿ" ಎಂದರು ಜಯದೇವಪ್ಪ.

"ತಂದೆ ಹೆಸರೂ ಸೇರ್ಸಿ ಸಾಮಿ. ಆ ಹೆಸ್ರಿನೋರು ಈ ಸೀಮೇಲಿ ಬಾಳ ಜನ ಅವ್ರೆ. ಪಾಪ, ಅವ್ರ ಮೇಲೆ ಬರ್ಬಾರ್ದು."